ಸಿ ರಿಪೋರ್ಟ್ ಬಂದ ಮೇಲೂ ಪರಿಹಾರ ಕೇಳಬಹುದು

ಪೊಲೀಸರು ‘ಸಿ’ ರಿಪೋರ್ಟ್ ಹಾಕಿದರು ಅಂದರೆ ಕೇಸು ಅಲ್ಲಿಗೆ ಮುಗಿಯಿತು ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ಆರೋಪಿ ಪತ್ತೆಯಾಗಲಿಲ್ಲ, ಮುಂದೆ ಹುಡುಕಲು ಸುಳಿವೂ ಇಲ್ಲ ಎಂದು ಪೊಲೀಸರು ನ್ಯಾಯಾಲಯಕ್ಕೆ ಕೊಡುವ ವರದಿ ಅದು. ನನ್ನ ತಮ್ಮನ ಮೇಲಾದ ಹಲ್ಲೆಯ ಕೇಸಿನಲ್ಲೂ ಅದೇ ಬಂತು. ಹೊಡೆದವನೇ ಸಿಗದಿದ್ದರೆ ಪರಿಹಾರ ಯಾರಿಂದ ವಸೂಲು ಮಾಡುತ್ತೀರಿ ಎಂದು ನೆಂಟರು ಕೇಳಿದರು. ಊರಿನ ಹಿರಿಯರು ಕೇಳಿದರು. ಕೋರ್ಟಿನ ಬಳಿ ಸಿಕ್ಕ ವಕೀಲರೊಬ್ಬರೂ ಅದನ್ನೇ ಹೇಳಿ ಮುಂದೆ ಹೋದರು. ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಆರೋಪಿ ಸಿಗದ ಕೇಸುಗಳಿಗೆಂದೇ ಒಂದು ಉಪಕಲಂ ಇದೆ, ಅದರಡಿ ನನ್ನ ತಮ್ಮ ಅರ್ಜಿ ಹಾಕಿದ, ಹಣ ಬಂತು. ಪೂರ್ತಿ ಬರಲಿಲ್ಲ, ಬೇಗ ಬರಲಿಲ್ಲ, ಆದರೆ ಬಂತು. ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲದೆ ಸಾಲ ತೀರಿಸುತ್ತಾ ಕೂತಿರುವ ಮನೆಗಳು ಎಷ್ಟೋ ಇವೆ ಅನ್ನುವುದು ಈಗ ನನಗೆ ಗೊತ್ತಾಗಿದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ತಮ್ಮ ಲೇತ್ ಕೆಲಸಗಾರ. ಆರೇಳು ಜನರ ಸಣ್ಣ ವರ್ಕ್‌ಶಾಪು. ಹತ್ತು ಜನ ಇಲ್ಲದ ಕಾರಣ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆಯಾದ ಇಎಸ್‌ಐ ಇಲ್ಲ. 2024ರ ಕೊನೆಯಲ್ಲಿ ಒಂದು ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಹೆದ್ದಾರಿ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಬೈಕಿನಲ್ಲಿ ಬಂದ ಇಬ್ಬರು ಅಡ್ಡ ಹಾಕಿದರು. ಮೊಬೈಲ್ ಕೊಟ್ಟ, ಪರ್ಸ್ ಕೊಟ್ಟ. ಆದರೂ ಮಚ್ಚು ಬೀಸಿದರು. ತಲೆಗೆ ಬೀಳುತ್ತಿದ್ದ ಏಟಿಗೆ ಬಲಗೈ ಅಡ್ಡ ಕೊಟ್ಟಿದ್ದಾನೆ. ಮಣಿಕಟ್ಟಿನ ಮೇಲೆ ಸ್ನಾಯುರಜ್ಜುಗಳು ತುಂಡಾದವು, ಒಂದು ನರವೂ ಹೋಯಿತು. ಇಬ್ಬರೂ ಹೆಲ್ಮೆಟ್ ಹಾಕಿಕೊಂಡಿದ್ದರು. ಆ ಜಾಗದಲ್ಲಿ ಬೀದಿದೀಪವೂ ಇಲ್ಲ, ಕ್ಯಾಮೆರಾವೂ ಇಲ್ಲ.

ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ವೈದ್ಯಕೀಯ ದಾಖಲೆ) ಮಾಡಿ, ರಕ್ತ ನಿಲ್ಲಿಸಿ, ಕೈಯ ನರ ಜೋಡಿಸುವ ಸರ್ಜನ್ ಇಲ್ಲ ಎಂದು ಬೇರೆ ಕಡೆಗೆ ಬರೆದುಕೊಟ್ಟರು. ತಡವಾದಷ್ಟೂ ಬೆರಳು ಮಡಚುವ ಶಕ್ತಿ ವಾಪಸು ಬರುವುದು ಕಷ್ಟ ಅಂದರು. ಸಮೀಪದಲ್ಲಿ ಇದ್ದದ್ದು ಒಂದು ಖಾಸಗಿ ಆಸ್ಪತ್ರೆ. ಚಿಕಿತ್ಸೆ ತಕ್ಷಣ ಶುರುವಾಯಿತು, ಆ ಮಾತನ್ನು ನಾನು ಒಪ್ಪಬೇಕು. ಗಾಯಾಳು ಬಂದರೆ ಪೊಲೀಸ್ ಕೇಸು ಎಂದು ಹಿಂದೆಮುಂದೆ ನೋಡದೆ ತುರ್ತು ಚಿಕಿತ್ಸೆ ಕೊಡಲೇಬೇಕೆಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆದರೆ ಚಿಕಿತ್ಸೆ ಸಿಗುವುದು ಬೇರೆ, ಬಿಲ್ ಕಟ್ಟುವುದು ಬೇರೆ. ಬೆಳಗಾಗುವಷ್ಟರಲ್ಲಿ ಅಡ್ವಾನ್ಸ್ ಕೇಳಿದರು. ಅಮ್ಮನ ಎರಡೆಳೆ ಸರವನ್ನು ನಾನು ಲೆಕ್ಕ ಬರೆಯುವ ಸಹಕಾರ ಸಂಘದಲ್ಲೇ ಅಡ ಇಟ್ಟೆವು. ಡಿಸ್ಚಾರ್ಜ್ ಆಗುವಾಗ ಬಿಲ್ ಒಂದೂಮುಕ್ಕಾಲು ಲಕ್ಷ ದಾಟಿತ್ತು. ಅದಾದ ಮೇಲೆ ಸ್ಪ್ಲಿಂಟು, ತಿಂಗಳುಗಟ್ಟಲೆ ಫಿಜಿಯೋಥೆರಪಿ, ಆಟೋ ಖರ್ಚು. ಈ ಪೂರಾ ಅವಧಿಗೆ ಅವನ ಸಂಬಳ ಸೊನ್ನೆ.

ಆಸ್ಪತ್ರೆ ಗೇಟಿನ ಬಳಿ ನಾನು ನೋಡಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕೈಗೆ ಬ್ಯಾಂಡೇಜ್ ಸುತ್ತಿಕೊಂಡ ತಮ್ಮನನ್ನು ಕಂಡು ಒಬ್ಬರು ಬಂದು ‘ಆಕ್ಸಿಡೆಂಟಾ ಮೇಡಂ? ಒಳ್ಳೆ ವಕೀಲರಿದ್ದಾರೆ’ ಅಂದರು. ಅಲ್ಲ, ಹಲ್ಲೆ ಅಂದ ತಕ್ಷಣ ಹೊರಟುಹೋದರು. ರಸ್ತೆ ಅಪಘಾತವಾದರೆ ವಿಮಾ ಕಂಪನಿ ಇರುತ್ತದೆ, ಮೋಟಾರು ಅಪಘಾತ ನ್ಯಾಯಮಂಡಳಿ ಇರುತ್ತದೆ, ಕ್ಲೇಮ್ ಹಾಕಿಸಲು ಜನ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ಗುದ್ದಿದ ವಾಹನ ಸಿಗದೇ ಹೋದರೂ ಕೇಂದ್ರ ಸರ್ಕಾರದ ಯೋಜನೆಯಿದೆ: 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. 2025ರ ಮೇ ತಿಂಗಳಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯೂ ಜಾರಿಗೆ ಬಂತು. ಅಪಘಾತವಾದ ದಿನದಿಂದ ಏಳು ದಿನ, ಒಂದೂವರೆ ಲಕ್ಷದವರೆಗೆ. ಒಳ್ಳೆಯದೇ, ಇಂಥದ್ದು ಬೇಕೇ ಬೇಕು. ಆದರೆ ಅದೇ ಸರ್ವೀಸ್ ರಸ್ತೆಯಲ್ಲಿ, ಅದೇ ಬಲಗೈ, ಕಾರಿನ ಬದಲು ಮಚ್ಚಿನಿಂದ ತುಂಡಾದರೆ ಮೊದಲ ದಿನದ ಬಿಲ್ಲನ್ನು ಯಾರು ನೋಡಿಕೊಳ್ಳಬೇಕು?

ಇದಕ್ಕೆ ಉತ್ತರ ಕಾನೂನಿನಲ್ಲಿ ಇದೆ. ಹದಿನೈದು ವರ್ಷಕ್ಕಿಂತ ಹಳೆಯ ಉತ್ತರ. ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಎಂಬ ಕಲಂ ಸೇರಿದ್ದು 2009ರ ಡಿಸೆಂಬರ್ 31ರಿಂದ. ಅದಕ್ಕೆ ಮುಂಚೆ ಇದ್ದದ್ದು 357 ಮಾತ್ರ: ಆರೋಪಿಗೆ ಶಿಕ್ಷೆಯಾದರೆ ಅವನು ಕಟ್ಟುವ ದಂಡದಿಂದ ಅಥವಾ ಅವನಿಂದಲೇ ನೊಂದವರಿಗೆ ಪರಿಹಾರ ಕೊಡಿಸಬಹುದಿತ್ತು. ಆರೋಪಿ ಬಡವನಾದರೆ, ಬಿಡುಗಡೆಯಾದರೆ, ಸಿಗದೇ ಹೋದರೆ ಅದರಿಂದ ಏನೂ ದಕ್ಕುತ್ತಿರಲಿಲ್ಲ. 357ಎ ಆ ಹೊಣೆಯನ್ನು ಸರ್ಕಾರದ ಮೇಲೆ ಹಾಕಿತು. ಪ್ರತಿ ರಾಜ್ಯವೂ ಸಂತ್ರಸ್ತರಿಗೆ ಪರಿಹಾರ ಕೊಡಲು ಯೋಜನೆ ಮಾಡಬೇಕು, ಹಣ ಎತ್ತಿಡಬೇಕು. ನಮ್ಮ ರಾಜ್ಯದ್ದು ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011. ಹೊಸ ಸಂಹಿತೆ ಬಂದ ಮೇಲೆ, ಅಂದರೆ 2024ರ ಜುಲೈ 1ರಿಂದ, ಇದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂನಲ್ಲಿದೆ. ನಿಮ್ಮ ಘಟನೆ ಹಳೆಯದಾದರೆ ವಕೀಲರು 357ಎ ಅನ್ನುತ್ತಾರೆ, ಹೊಸದಾದರೆ 396. ಎರಡೂ ಒಂದೇ ವಿಷಯ.

396ರ ಎರಡು ಉಪಕಲಂಗಳನ್ನು ಬರೆದಿಟ್ಟುಕೊಳ್ಳಿ.

ನಾಲ್ಕನೆಯದು: ಅಪರಾಧಿ ಪತ್ತೆಯಾಗದೆ ಅಥವಾ ಯಾರೆಂದು ಗೊತ್ತಾಗದೆ ವಿಚಾರಣೆಯೇ ನಡೆಯದಿದ್ದರೂ, ಸಂತ್ರಸ್ತರು ಯಾರೆಂದು ಗೊತ್ತಿದ್ದರೆ ಸಾಕು, ಅವರು ಅಥವಾ ಅವರ ಅವಲಂಬಿತರು ನೇರವಾಗಿ ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ (ಉಚಿತ ಕಾನೂನು ನೆರವು ಕೊಡುವ ಸರ್ಕಾರಿ ಸಂಸ್ಥೆಗೆ) ಅರ್ಜಿ ಹಾಕಬಹುದು. ಅದರ ಮುಂದಿನ ಉಪಕಲಂ ಪ್ರಕಾರ ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಿಸಿ ತೀರ್ಮಾನಿಸಬೇಕು.

ಆರನೆಯದು: ಠಾಣಾಧಿಕಾರಿ ಅಥವಾ ಆ ಪ್ರದೇಶದ ಮ್ಯಾಜಿಸ್ಟ್ರೇಟ್ ಒಂದು ಪ್ರಮಾಣಪತ್ರ ಕೊಟ್ಟರೆ, ಗಾಯಾಳುವಿಗೆ ತಕ್ಷಣ ಉಚಿತ ಪ್ರಥಮ ಚಿಕಿತ್ಸೆ, ವೈದ್ಯಕೀಯ ಸೌಲಭ್ಯ ಅಥವಾ ಬೇರೆ ಮಧ್ಯಂತರ ನೆರವು ಕೊಡಿಸಲು ಪ್ರಾಧಿಕಾರ ಆದೇಶ ಮಾಡಬಹುದು.

ಈ ಆರನೆಯದನ್ನು ಓದಿದಾಗ ನನಗೆ ತುಂಬಾ ಹೊತ್ತು ಏನೂ ತೋಚಲಿಲ್ಲ. ಆ ರಾತ್ರಿ ಠಾಣೆಯಿಂದ ಪೇದೆಯೊಬ್ಬರು ಆಸ್ಪತ್ರೆಗೆ ಬಂದು ಹೇಳಿಕೆ ಬರೆದುಕೊಂಡಿದ್ದರು. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಟ್ಟಿದ್ದರು. ಗಾಯಾಳು, ಪೊಲೀಸು, ಡಾಕ್ಟರು ಮೂವರೂ ಒಂದೇ ವಾರ್ಡಿನಲ್ಲಿದ್ದರು. ಬೇಕಿದ್ದದ್ದು ಒಂದು ಹಾಳೆ ಪ್ರಮಾಣಪತ್ರ, ಒಂದು ಅರ್ಜಿ. ಅಮ್ಮನ ಸರ ಮನೆಯಲ್ಲೇ ಉಳಿಯುತ್ತಿತ್ತೇನೋ. ಆ ಮೂವರಲ್ಲಿ ಯಾರೂ ಕೆಟ್ಟವರಲ್ಲ. ಆ ಮಾತನ್ನು ಯಾರೂ ಎತ್ತಲಿಲ್ಲ ಅಷ್ಟೆ, ಯಾಕೆಂದರೆ ಎತ್ತುವುದು ತಮ್ಮ ಕೆಲಸ ಅಂತ ಯಾರಿಗೂ ಯಾರೂ ಹೇಳಿಕೊಟ್ಟಿಲ್ಲ. 2014ರಲ್ಲಿ ಸುರೇಶ್ ವಿರುದ್ಧ ಹರಿಯಾಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತ್ತು: ಸಂತ್ರಸ್ತರು ಅರ್ಜಿ ಹಾಕಲಿ ಬಿಡಲಿ, ಮಧ್ಯಂತರ ಪರಿಹಾರ ಬೇಕೇ ಎಂದು ನ್ಯಾಯಾಲಯವೇ ವಿಚಾರಿಸಬೇಕು. ಆ ತೀರ್ಪು ಅಪಘಾತ ವಿಭಾಗದ ಬಾಗಿಲವರೆಗೆ ಇನ್ನೂ ನಡೆದು ಬಂದಿಲ್ಲ.

‘ಹಲ್ಲೆಗೊಳಗಾದವರಿಗೆ ಎಲ್ಲ ಆಸ್ಪತ್ರೆಯಲ್ಲೂ ಉಚಿತವಂತೆ’ ಎಂದು ಕೆಲವರು ಹೇಳುವುದನ್ನು ಕೇಳಿರಬಹುದು. ಅದು ಅರ್ಧ ಸತ್ಯ. ಅದೇ ಸಂಹಿತೆಯ 397ನೇ ಕಲಂ ಪ್ರಕಾರ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕಾದದ್ದು ಆ್ಯಸಿಡ್ ದಾಳಿ, ಅತ್ಯಾಚಾರ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯಿದೆ) ಅಡಿಯ ಅಪರಾಧಗಳಂಥ ನಿರ್ದಿಷ್ಟ ಅಪರಾಧಗಳ ಸಂತ್ರಸ್ತರಿಗೆ. ಕೊಡದ ಆಸ್ಪತ್ರೆಯ ಹೊಣೆಗಾರರಿಗೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಆ್ಯಸಿಡ್ ದಾಳಿಯ ವಿಷಯದಲ್ಲಿ ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2015ರ ಆದೇಶ ಇನ್ನೂ ಮುಂದೆ ಹೋಗಿದೆ: ಔಷಧ, ಊಟ, ಹಾಸಿಗೆ, ಮುಖದ ಪುನರ್‌ರಚನೆಯ ಶಸ್ತ್ರಚಿಕಿತ್ಸೆ ಎಲ್ಲವೂ ಸೇರಿ ಉಚಿತ, ಮೊದಲು ಚಿಕಿತ್ಸೆ ಕೊಟ್ಟ ಆಸ್ಪತ್ರೆ ‘ಇವರು ಆ್ಯಸಿಡ್ ದಾಳಿಗೊಳಗಾದವರು’ ಎಂದು ಪ್ರಮಾಣಪತ್ರ ಕೊಡಬೇಕು. ಚಾಕು, ಮಚ್ಚು, ದೊಣ್ಣೆಯ ಏಟು ತಿಂದವರಿಗೆ ಈ ಕಲಂ ಇಲ್ಲ. ಅವರಿಗೆ ಇರುವುದು 396 ಮಾತ್ರ.

ನಮಗೆ ದಾರಿ ತೋರಿಸಿದ್ದು ಒಂದು ಸಣ್ಣ ಫಲಕ. ಸಿ ರಿಪೋರ್ಟ್ ಬಗ್ಗೆ ತಕರಾರು ಇದೆಯೇ ಎಂದು ಕೋರ್ಟಿನಿಂದ ನೋಟಿಸು ಬಂದಿತ್ತು, ತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ. ಗೋಡೆ ಮೇಲೆ 15100 ಎಂಬ ಸಹಾಯವಾಣಿ ಸಂಖ್ಯೆ, ಉಚಿತ ಕಾನೂನು ನೆರವು ಯಾರಿಗೆ ಸಿಗುತ್ತದೆ ಎಂಬ ಪಟ್ಟಿ. ಪಟ್ಟಿಯಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರ ಜೊತೆಗೆ ಕೈಗಾರಿಕಾ ಕಾರ್ಮಿಕರು ಅಂತಲೂ ಇತ್ತು. ಲೇತ್ ಹುಡುಗನಿಗೆ ಇಷ್ಟು ಸಾಕಲ್ಲ ಅಂತ ಒಳಗೆ ಹೋದೆ. ತಮ್ಮ ಹೊರಗೇ ನಿಂತ. ‘ಬಿಡಕ್ಕಾ, ನನ್ನ ಕೈಗೆ ಸರ್ಕಾರ ಯಾಕೆ ದುಡ್ಡು ಕೊಡುತ್ತೆ, ಅವರೇನು ಕಡಿದ್ರಾ’ ಅಂದ.

ಅವನ ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಪೊಲೀಸರು ಹಾಕಿದ ಯಾವ ಕ್ರಿಮಿನಲ್ ಕೇಸಿನ ಕಡತ ತೆಗೆದು ನೋಡಿದರೂ ಕೇಸು ನಡೆಸುವುದು ಕರ್ನಾಟಕ ರಾಜ್ಯ. ಏಟು ತಿಂದವನು ಸಾಕ್ಷಿಪಟ್ಟಿಯಲ್ಲಿ ಒಂದು ಸಂಖ್ಯೆ. ನಾವೇ ಹೋಗಿ ಸೇಡು ತೀರಿಸಿಕೊಳ್ಳುವಂತಿಲ್ಲ, ನಾವೇ ತನಿಖೆ ಮಾಡುವಂತಿಲ್ಲ. ಅದೆಲ್ಲ ನನ್ನ ಕೆಲಸ ಎಂದು ರಾಜ್ಯ ತನ್ನ ಕೈಗೆ ತೆಗೆದುಕೊಂಡಿದೆ. ಹಾಗೆ ತೆಗೆದುಕೊಂಡ ಮೇಲೆ, ಕಾಪಾಡಲು ಆಗಲಿಲ್ಲ, ಹಿಡಿಯಲೂ ಆಗಲಿಲ್ಲ ಅಂದಾಗ, ಕನಿಷ್ಠ ಆಸ್ಪತ್ರೆ ಖರ್ಚಿನ ಹೊಣೆಯನ್ನಾದರೂ ಅದು ಹೊರಬೇಕು. ಇದು ದಾನವಲ್ಲ. ನ್ಯೂಜಿಲೆಂಡ್ 1963ರಲ್ಲೇ ಇಂಥ ಕಾಯಿದೆ ಮಾಡಿತು, ಮರುವರ್ಷ ಬ್ರಿಟನ್‌ನಲ್ಲೂ ಯೋಜನೆ ಬಂತು. ಅಪರಾಧಿಯಿಂದ ಪೂರ್ತಿ ಪರಿಹಾರ ಸಿಗದಿದ್ದಾಗ ಸರ್ಕಾರಗಳೇ ಕೊಡಲು ಶ್ರಮಿಸಬೇಕು ಎಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1985ರಲ್ಲಿ ಘೋಷಿಸಿತು. ನಾವು ಕೇಳುತ್ತಿರುವುದು ಹೊಸದೇನೂ ಅಲ್ಲ.

ಕಚೇರಿಯಲ್ಲಿ ನಮಗೆ ಒಬ್ಬ ಪ್ಯಾನಲ್ ವಕೀಲೆಯನ್ನು ಗೊತ್ತುಮಾಡಿದರು. ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ‘ಸಿ ರಿಪೋರ್ಟ್ ನಕಲು ತನ್ನಿ ಅಮ್ಮ, ಅದೇ ನಿಮಗೆ ಮುಖ್ಯ ಕಾಗದ’ ಅಂದರು. ಎಲ್ಲರೂ ಬಾಗಿಲು ಮುಚ್ಚಿತು ಅಂದಿದ್ದ ಕಾಗದವನ್ನು ಇವರು ಮೊದಲ ಪುಟಕ್ಕೆ ಲಗತ್ತಿಸಿದರು. ಯಾವ ಶುಲ್ಕವನ್ನೂ ತೆಗೆದುಕೊಳ್ಳಲಿಲ್ಲ.

ಕಾಗದಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅರ್ಜಿ ನಿಲ್ಲುವುದೂ ಬೀಳುವುದೂ ಅಲ್ಲೇ. ಎಫ್‌ಐಆರ್ ಪ್ರತಿ ಸಂತ್ರಸ್ತರಿಗೆ ಉಚಿತವಾಗಿ ಕೊಡಬೇಕೆಂಬುದು ಕಾನೂನು, ಠಾಣೆಯ ರೈಟರ್ ಹತ್ತಿರ ಕೇಳಿ ತೆಗೆದುಕೊಳ್ಳಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಪೊಲೀಸರು ತಿಳಿಸಬೇಕೆಂಬ ನಿಯಮವೂ ಈಗ ಇದೆ. ಸರ್ಕಾರಿ ಆಸ್ಪತ್ರೆಯ ಗಾಯದ ಪ್ರಮಾಣಪತ್ರವನ್ನು, ಅದೇ ವೂಂಡ್ ಸರ್ಟಿಫಿಕೇಟನ್ನು, ಗಮನವಿಟ್ಟು ಓದಿ. ಗಾಯ ಸಾಧಾರಣವೋ ತೀವ್ರವೋ ಎಂದು ಬರೆಯುವುದು ಅದರಲ್ಲೇ. ನಮ್ಮದರಲ್ಲಿ ಮೊದಲ ರಾತ್ರಿ ನೋಡಿದ್ದಷ್ಟನ್ನೇ ಬರೆದಿದ್ದರು, ನರ ತುಂಡಾದ ಸಂಗತಿ ಇರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ ಸರ್ಜನ್ ಕೊಟ್ಟ ಆಪರೇಷನ್ ಟಿಪ್ಪಣಿಯನ್ನು ಪ್ರತ್ಯೇಕವಾಗಿ ಲಗತ್ತಿಸಬೇಕಾಯಿತು. ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲುಗಳು, ಔಷಧಿ ಅಂಗಡಿಯ ರಸೀದಿಗಳು, ಬ್ಯಾಂಕ್ ಪಾಸ್‌ಬುಕ್, ಆಧಾರ್. ವರ್ಕ್‌ಶಾಪ್ ಮಾಲೀಕರಿಂದ ಸಂಬಳದ ಪತ್ರ ಮತ್ತು ಅವನು ಕೆಲಸಕ್ಕೆ ಬಂದಿಲ್ಲ ಅನ್ನುವ ಪತ್ರ. ಜಿಲ್ಲಾ ಆಸ್ಪತ್ರೆಯಿಂದ ಅಂಗವೈಕಲ್ಯದ ಶೇಕಡಾವಾರು ಪ್ರಮಾಣಪತ್ರ. ಮೂಲ ಕಾಗದ ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಟ್ಟು ಮೂಲವನ್ನು ತೋರಿಸಿ ವಾಪಸು ತನ್ನಿ.

ಲೆಕ್ಕ ಬರೆಯುವ ಉದ್ಯೋಗ ನನಗೆ ಇಲ್ಲಿ ನೆರವಾಯಿತು. ಮೊದಲ ದಿನದಿಂದ ವೋಚರ್ ಇಡುವ ಹಾಗೆ ಪ್ರತಿ ಚೀಟಿಯನ್ನೂ ಕಡತಕ್ಕೆ ಸೇರಿಸಿದ್ದೆ. ಆದರೂ ಫಿಜಿಯೋಥೆರಪಿಯಲ್ಲಿ ಸಿಕ್ಕಿಬಿದ್ದೆವು. ಅಲ್ಲಿ ಪ್ರತಿ ಸಲ ದುಡ್ಡು ತೆಗೆದುಕೊಂಡು ಬಿಳಿ ಕಾರ್ಡಿನ ಮೇಲೆ ಟಿಕ್ ಹಾಕುತ್ತಿದ್ದರು, ಬಿಲ್ ಇಲ್ಲ. ಕೇಳಿಕೊಂಡ ಮೇಲೆ ಒಟ್ಟು ಮೊತ್ತಕ್ಕೆ ಲೆಟರ್‌ಹೆಡ್ ಮೇಲೆ ಬರೆದುಕೊಟ್ಟರು. ಆಟೋಗೆ ಬಿಲ್ ಎಲ್ಲಿಂದ ಬರಬೇಕು? ಅಮ್ಮ ಅವನಿಗೆ ತುತ್ತು ಕೊಡಲು, ಸ್ನಾನ ಮಾಡಿಸಲು ಹೂ ಕಟ್ಟುವ ಕೆಲಸ ಬಿಟ್ಟು ಕೂತಳು. ಆ ಕೂಲಿಗೆ ರಸೀದಿ ಯಾರು ಕೊಡುತ್ತಾರೆ? ಬಡವರ ಖರ್ಚಿನ ಅರ್ಧ ಪಾಲು ರಸೀದಿ ಇಲ್ಲದ ಖರ್ಚು. ಈ ಯೋಜನೆಗಳನ್ನು ಬರೆಯುವವರು ಆಸ್ಪತ್ರೆ ಬಿಲ್ಲನ್ನಷ್ಟೇ ಕಣ್ಣಮುಂದೆ ಇಟ್ಟುಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೆಣ್ಣುಮಕ್ಕಳಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಮಾಡಿದ 2018ರ ಯೋಜನೆ ಈ ವಿಷಯದಲ್ಲಿ ಎಷ್ಟೋ ಮೇಲು. ದೇಹದ ಚಿಕಿತ್ಸೆಯ ಜೊತೆಗೆ ಮನಸ್ಸಿನ ಚಿಕಿತ್ಸೆ, ಆಪ್ತಸಮಾಲೋಚನೆ, ತನಿಖೆ ಮತ್ತು ವಿಚಾರಣೆಗೆ ಓಡಾಡಿದ ಖರ್ಚು, ಶಾಲೆ ಕಾಲೇಜು ತಪ್ಪಿದ್ದು, ಕೆಲಸ ಹೋದದ್ದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದರಲ್ಲಿದೆ. ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಆ್ಯಸಿಡ್‌ನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ, ಪ್ರಾಣಹಾನಿಗೆ 5ರಿಂದ 10 ಲಕ್ಷ ಎಂದು ಮೊತ್ತಗಳೂ ಇವೆ. ಆ್ಯಸಿಡ್ ದಾಳಿಯಾದರೆ ಪ್ರಾಧಿಕಾರದ ಗಮನಕ್ಕೆ ಬಂದ 15 ದಿನದಲ್ಲಿ 1 ಲಕ್ಷ ಕೊಡಬೇಕು. ಅರ್ಜಿಗೆ ಘಟನೆಯಿಂದ ಅಥವಾ ವಿಚಾರಣೆ ಮುಗಿದಲ್ಲಿಂದ ಮೂರು ವರ್ಷದ ಅವಧಿಯಿದೆ, ಸಕಾರಣವಿದ್ದರೆ ತಡವನ್ನು ಮನ್ನಿಸಬಹುದು. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ: ಮಂಜೂರಾದ ಹಣದಲ್ಲಿ ಶೇ 75ನ್ನು ಕನಿಷ್ಠ ಮೂರು ವರ್ಷ ನಿಶ್ಚಿತ ಠೇವಣಿಯಲ್ಲಿ ಇಡುತ್ತಾರೆ, ಕೈಗೆ ಬರುವುದು ಶೇ 25. ಹೆಣ್ಣುಮಗಳ ಹಣವನ್ನು ಮನೆಯವರು ಕಸಿಯಬಾರದು ಎಂಬ ಕಾಳಜಿ ಅರ್ಥವಾಗುತ್ತದೆ. ಆದರೆ ಆಸ್ಪತ್ರೆ ಸಾಲಕ್ಕೆ ಬಡ್ಡಿ ಏರುತ್ತಿರುವವಳಿಗೆ ಠೇವಣಿಯಿಂದ ಏನು ಪ್ರಯೋಜನ? ಚಿಕಿತ್ಸೆ, ಓದಿನಂಥ ತುರ್ತಿಗೆ ಆ ಹಣ ಬಿಡಿಸಲು ಅವಕಾಶ ಇದೆ. ಅದನ್ನು ಕೇಳಿ ಪಡೆಯಿರಿ, ಸುಮ್ಮನೆ ಕೂರಬೇಡಿ. ಮಕ್ಕಳ ವಿಷಯದಲ್ಲಿ ಪೋಕ್ಸೊ ವಿಶೇಷ ನ್ಯಾಯಾಲಯ ಎಫ್‌ಐಆರ್ ಆದ ನಂತರ ಯಾವ ಹಂತದಲ್ಲಾದರೂ ಮಧ್ಯಂತರ ಪರಿಹಾರ ಕೊಡಿಸಬಹುದು, ಆದೇಶ ತಲುಪಿದ 30 ದಿನದಲ್ಲಿ ರಾಜ್ಯ ಸರ್ಕಾರ ಹಣ ಕೊಡಬೇಕು.

ನಮ್ಮ ಅರ್ಜಿಗೆ ಎರಡು ತಿಂಗಳಲ್ಲಿ ತೀರ್ಮಾನ ಬರಲಿಲ್ಲ. ಪ್ರಾಧಿಕಾರ ಠಾಣೆಯಿಂದ ವರದಿ ಕೇಳಿತ್ತು, ವರದಿ ಬರಲಿಲ್ಲ. ಠಾಣೆಯಲ್ಲಿ ಕೇಳಿದರೆ ಕಾಗದ ಬಂದಿಲ್ಲ ಅಂದರು. ಪ್ರಾಧಿಕಾರದ ಪತ್ರದ ಸಂಖ್ಯೆ, ದಿನಾಂಕ ಬರೆದುಕೊಂಡು ಹೋಗಿ ತೋರಿಸಿದ ಮೇಲೆ ಪತ್ರ ಸಿಕ್ಕಿತು. ಎಲ್ಲಿಗೆ ಹೋದರೂ ಈ ಸಂಖ್ಯೆ ಮತ್ತು ದಿನಾಂಕ ನಿಮ್ಮ ಹತ್ತಿರ ಇರಲಿ. ಪ್ರಾಧಿಕಾರದಲ್ಲಿ ವಿಚಾರಣೆಗೆ ಕರೆದಾಗ ಅಲ್ಲಿನ ನ್ಯಾಯಾಧೀಶರು ತಮ್ಮನಿಗೆ ಬೆರಳು ಮಡಚಿ ತೋರಿಸಲು ಹೇಳಿದರು. ಹೆಬ್ಬೆರಳು, ತೋರುಬೆರಳು ಮಡಚಿದವು, ಉಳಿದ ಮೂರು ಅರ್ಧಕ್ಕೆ ನಿಂತವು. ಲೇತ್‌ನಲ್ಲಿ ಏನು ಕೆಲಸ ಎಂದು ಕೇಳಿದರು. ಚಕ್ ಬಿಗಿಮಾಡೋಕೆ ಆಗಲ್ಲ ಸರ್, ಅಂದ. ಅವರು ಅದನ್ನೂ ಬರೆದುಕೊಂಡರು.

ಬಂದ ಹಣ ಖರ್ಚಿನ ಅರ್ಧಕ್ಕೆ ತುಸು ಹೆಚ್ಚು. ಅಮ್ಮನ ಸರ ಬಿಡಿಸಿದೆವು. ಫಿಜಿಯೋಥೆರಪಿ, ಓಡಾಟ, ಕಳೆದ ಸಂಬಳ ಹೆಚ್ಚುಕಡಿಮೆ ಲೆಕ್ಕಕ್ಕೆ ಬರಲೇ ಇಲ್ಲ. ತಮ್ಮ ಈಗ ಅದೇ ವರ್ಕ್‌ಶಾಪಿನಲ್ಲಿ ಅಳತೆ ನೋಡುವ, ಮಾಲು ಎಣಿಸುವ ಕೆಲಸ ಮಾಡುತ್ತಾನೆ, ಸಂಬಳ ಮೊದಲಿನದಕ್ಕಿಂತ ಕಡಿಮೆ.

ನನ್ನ ಬೇಡಿಕೆ ಸಣ್ಣದು. ಪ್ರತಿ ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ, ಎಂಎಲ್‌ಸಿ ಬರೆಯುವ ಮೇಜಿನ ಮೇಲೆ, 396(6)ರ ಪ್ರಮಾಣಪತ್ರದ ಖಾಲಿ ನಮೂನೆ ಇರಲಿ. ಹೇಳಿಕೆ ಬರೆದುಕೊಳ್ಳಲು ಬರುವ ಪೊಲೀಸರು ಅದನ್ನೂ ಠಾಣಾಧಿಕಾರಿಯ ಸಹಿಗೆ ಕೊಂಡೊಯ್ಯಲಿ. ಎಫ್‌ಐಆರ್ ಪ್ರತಿಯ ಜೊತೆ ಪರಿಹಾರದ ಅರ್ಜಿ ನಮೂನೆಯನ್ನೂ ಕೊಡಲಿ. ಸಿ ರಿಪೋರ್ಟ್ ನೋಟಿಸಿನ ಕೊನೆಗೆ ‘ನೀವು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು’ ಎಂದು ಕನ್ನಡದಲ್ಲಿ ಒಂದು ಸಾಲು ಸೇರಿಸಲಿ. ಇದಕ್ಕೆ ಹೊಸ ಕಾಯಿದೆ ಬೇಡ.

ಹೋದ ತಿಂಗಳು ತಮ್ಮನ ಕೈ ನೋಡಿದ ಸರ್ಜನ್, ಸ್ನಾಯುರಜ್ಜು ಅಂಟಿಕೊಂಡಿದೆ, ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಿಸಿದರೆ ಬೆರಳು ಇನ್ನಷ್ಟು ಮಡಚಬಹುದು ಅಂದಿದ್ದಾರೆ. ಅದರ ಅಂದಾಜು ಖರ್ಚಿನ ಪಟ್ಟಿ ಬರೆಸಿಕೊಂಡು, ಮೊದಲ ಆದೇಶದಲ್ಲಿ ಬಿಟ್ಟುಹೋದ ಬಾಬತ್ತುಗಳನ್ನೂ ಸೇರಿಸಿ ರಾಜ್ಯ ಪ್ರಾಧಿಕಾರಕ್ಕೆ ಮನವಿ ಕೊಟ್ಟಿದ್ದೇವೆ. ಈ ಸಲ ಅರ್ಜಿಯನ್ನು ತಮ್ಮನೇ ಓದಿ, ಎಡಗೈಯಲ್ಲಿ ಸಹಿ ಮಾಡಿದ. ಸ್ವೀಕೃತಿ ಬಂದಿದೆ, ವಿಚಾರಣೆಯ ದಿನಾಂಕ ಇನ್ನೂ ಬಂದಿಲ್ಲ.